‘ಅಡಿಗೆಮನೆಯ ಸಾಹಿತ್ಯ’ವೆಂಬ ಬಿರುದು

ನಮ್ಮ ವಿದ್ಯಾವಂತರ ಗೋಷ್ಠಿಗಳಲ್ಲಿ ಒಂದು ಮಾತು ಬಹುಕಾಲದಿಂದ ಸಲೀಸಾಗಿ ಓಡಾಡುತ್ತಿದೆ. ಸ್ತ್ರೀಯರು ಬರೆದ ಕಾದಂಬರಿಗಳ ಪ್ರಸ್ತಾಪ ಬಂದೊಡನೆ ಯಾರಾದರೊಬ್ಬರು ನಸುನಕ್ಕು, ‘ಓಹೋ, ಅಡಿಗೆಮನೆಯ ಸಾಹಿತ್ಯವಷ್ಟೆ!’ ಎಂದು ತೀರ್ಪು ಕೊಟ್ಟುಬಿಡುತ್ತಾರೆ, ಉಳಿದವರು ತಲೆದೂಗುತ್ತಾರೆ, ಚರ್ಚೆ ಬೇರೆ ವಿಷಯಕ್ಕೆ ಹೊರಳುತ್ತದೆ. ಹೀಗೆ ತೀರ್ಪು ಕೊಟ್ಟ ಮಹನೀಯರಲ್ಲಿ ಆ ಪುಸ್ತಕಗಳನ್ನು ಓದಿದವರೆಷ್ಟು ಮಂದಿಯೆಂದು ಯಾರೂ ಕೇಳುವ ವಾಡಿಕೆಯಿಲ್ಲ. ಈ ಮಾತು ಅವಿಚಾರದ್ದೆಂದೂ ಅನ್ಯಾಯದ್ದೆಂದೂ ನಮ್ಮ ಅಭಿಪ್ರಾಯ. ಅದನ್ನು ಮುಚ್ಚುಮರೆಯಿಲ್ಲದೆ ವಾಚಕರ ಮುಂದಿಡುತ್ತೇವೆ.

ಮೊದಲು ಈ ಬಿರುದನ್ನೇ ವಿಚಾರಿಸೋಣ. ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಗಂಡಸರು ರಾತ್ರಿ ದೀಪವಾರಿಸದೆ ಓದಿದ ಕಾಲವೊಂದಿತ್ತು. ಆ ಕಥೆಗಳನ್ನು ‘ಜಗಲಿಯ ಸಾಹಿತ್ಯ’ವೆಂದು ಕರೆದವರುಂಟೆ? ಕೋಟೆ ಕೊತ್ತಲಗಳ ಚಾರಿತ್ರಿಕ ಕಾದಂಬರಿಗೆ ‘ಲಾಯದ ಸಾಹಿತ್ಯ’ವೆಂಬ ಹೆಸರು ಬಂದುದುಂಟೆ? ಬರೆದವರ ಮನೆಯ ಮೂಲೆಯಿಂದ ಬರವಣಿಗೆಯ ಬೆಲೆ ಕಟ್ಟುವ ಈ ಪದ್ಧತಿಯು ಹೆಂಗಸರ ಪಾಲಿಗೆ ಮಾತ್ರ ಮೀಸಲಾಗಿದೆ. ಅದಿರಲಿ, ಅಡಿಗೆಮನೆಯೆಂಬುದು ಅಷ್ಟು ಕ್ಷುಲ್ಲಕವಾದ ಸ್ಥಳವೆ? ನಮ್ಮ ಸಮಾಜದಲ್ಲಿ ಮಡಿಯ ಕಟ್ಟಳೆ, ವಿಧವೆಯ ಒಪ್ಪೊತ್ತು, ಬಾಣಂತಿಯ ಪಥ್ಯ, ಸೊಸೆಯ ಮೌನ ಇವೆಲ್ಲ ನಡೆದುದು ಎಲ್ಲಿ? ಹಜಾರದಲ್ಲಿ ಕುಳಿತು ಸಮಾಜಸುಧಾರಣೆಯ ಮೇಲೆ ಉಪನ್ಯಾಸ ಮಾಡಿದವರಿಗೆ ಒಳಗಿನ ಈ ಲೋಕವು ಕಂಡದ್ದು ಕಡಮೆ. ಕಂಡವರು ಬರೆದಾಗಲಾದರೂ ಕಿವಿಗೊಡಬೇಕಾಗಿತ್ತು.

ತ್ರಿವೇಣಿಯವರ ‘ಶರಪಂಜರ’ವನ್ನು ತೆಗೆದುಕೊಳ್ಳಿ. ಹೆರಿಗೆಯಾದ ಬಳಿಕ ಬುದ್ಧಿ ಕದಡಿದ ಹೆಣ್ಣೊಬ್ಬಳು ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಹಿಂತಿರುಗುತ್ತಾಳೆ. ಆಕೆಯ ರೋಗ ವಾಸಿಯಾಗಿದೆ. ಆದರೆ ಮನೆಯವರ ಸಂಶಯ ವಾಸಿಯಾಗಿಲ್ಲ. ಆಕೆ ಸ್ವಲ್ಪ ಹೆಚ್ಚು ನಕ್ಕರೂ, ನೊಂದು ಕೋಪಗೊಂಡರೂ, ನೆರೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಒಮ್ಮೆ ಹುಚ್ಚಿಯೆನಿಸಿಕೊಂಡವಳನ್ನು ಮತ್ತೆ ಮನುಷ್ಯಳೆಂದು ಒಪ್ಪಲಾರದ ಸಮಾಜವೇ ಅಲ್ಲಿ ರೋಗಿಯೆಂಬುದು ಓದುಗನಿಗೆ ಮೆಲ್ಲಮೆಲ್ಲನೆ ತಿಳಿಯುತ್ತದೆ. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ ಲೇಖಕಿ ಇದನ್ನು ಬರೆದ ಕಾಲದಲ್ಲಿ, ಬಾಣಂತಿಯ ಮನೋವ್ಯಾಧಿಯ ಮಾತನ್ನು ಬಾಯಿಬಿಟ್ಟು ಆಡುವ ಧೈರ್ಯ ಎಷ್ಟು ಮನೆಗಳಿಗಿತ್ತು? ಇಂದಿಗೂ ಎಷ್ಟು ಮನೆಗಳಿಗಿದೆ? 1928ರಲ್ಲಿ ಹುಟ್ಟಿದ ಈ ಲೇಖಕಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದಿದ್ದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ತಮ್ಮನ ಮಗಳೆಂದು ಆಕೆಯನ್ನು ಪರಿಚಯಿಸುವವರು ಈಗಲೂ ಇದ್ದಾರೆ. ಪರಿಚಯಕ್ಕೆ ಅಷ್ಟೇ ಸಾಕೆಂದು ಅವರು ತಿಳಿದಂತಿದೆ.

ಇನ್ನು ಎಂ. ಕೆ. ಇಂದಿರಾ. ಮಲೆನಾಡಿನ ತೀರ್ಥಹಳ್ಳಿಯ ಕಡೆಯವರು. ಚಿಕ್ಕಂದಿನಲ್ಲಿಯೇ ಮದುವೆಯಾಗಿ, ಶಾಲೆಯ ಓದು ಅಲ್ಲಿಗೇ ನಿಂತು, ನಲವತ್ತೈದು ದಾಟಿದ ಮೇಲೆ, 1963ರಲ್ಲಿ, ‘ತುಂಗಭದ್ರಾ’ ಎಂಬ ಮೊದಲ ಕಾದಂಬರಿಯನ್ನು ಪ್ರಕಟಿಸಿದವರು. ಅವರ ‘ಫಣಿಯಮ್ಮ’ 1976ರಲ್ಲಿ ಬಂದಿತು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ವರ್ಷ ದಾಟಿ ಬಾಳಿದ ಒಬ್ಬ ಮುತ್ತಜ್ಜಿಯ ಕಥೆಯದು. ತಮ್ಮ ಮನೆತನದಲ್ಲಿಯೇ ಬಾಳಿಹೋದ ಒಂದು ಜೀವವನ್ನು ತಾಯಿಯ ಬಾಯಿಂದ ಕೇಳಿ ಬರೆದದ್ದು. ತಾನು ಉಂಡ ನೋವನ್ನು ಇನ್ನೊಬ್ಬ ಹುಡುಗಿ ಉಣ್ಣಬಾರದೆಂದು ಆ ಮುದುಕಿ ಮೆಲುದನಿಯಲ್ಲಿ ಹೇಳುವಾಗ, ಶಾಸ್ತ್ರವನ್ನು ತಿರುವಿಹಾಕಿದ ಎಷ್ಟೋ ಪಂಡಿತರ ವಾದವು ಅದರ ಮುಂದೆ ಹಗುರವಾಗಿ ತೋರುತ್ತದೆ. ಇದು ಅಡಿಗೆಮನೆಯ ಸಾಹಿತ್ಯವಾದರೆ ಆಗಲಿ. ನಮ್ಮ ಹಜಾರದ ಸಾಹಿತ್ಯದಲ್ಲಿ ಇದಕ್ಕೆ ಸಮನಾದುವು ಬೆರಳೆಣಿಕೆಯವು.

ಒಂದು ಆಕ್ಷೇಪವನ್ನು ಕೇಳಿದ್ದೇವೆ. ಈ ವರ್ಗದ ಕಾದಂಬರಿಗಳಲ್ಲಿ ಕಣ್ಣೀರು ಹೆಚ್ಚು, ಕಥೆ ಒಂದೇ ಅಚ್ಚಿನದು, ವಾರಪತ್ರಿಕೆಯ ಕಂತು ತುಂಬಿಸುವುದಕ್ಕಾಗಿ ಎಳೆದದ್ದು ಎಂದು. ಹಲವು ಪುಸ್ತಕಗಳ ವಿಷಯದಲ್ಲಿ ಇದು ನಿಜ, ನಾವು ಅಲ್ಲಗಳೆಯುವುದಿಲ್ಲ. ಆದರೆ ಜೊಳ್ಳಿದೆಯೆಂದು ರಾಶಿಯನ್ನೇ ತಿಪ್ಪೆಗೆ ಸುರಿಯುವ ಒಕ್ಕಲಿಗನನ್ನು ನಾವೆಲ್ಲಿಯೂ ಕಂಡಿಲ್ಲ. ತೂರುವುದೇ ವಿಮರ್ಶಕನ ಕೆಲಸ. ಗಂಡಸರ ರಾಶಿಯನ್ನು ಮೊರ ಹಿಡಿದು ಶ್ರದ್ಧೆಯಿಂದ ತೂರಿದವರು ಹೆಂಗಸರ ರಾಶಿಯ ಬಳಿಗೆ ಬಂದಾಗ ಕೈಗೆ ಧೂಳಾದೀತೆಂದು ಹಿಂಜರಿದರು.

ಆದರೆ ಧೂಳಿಗೆ ಹೆದರದವರು ಒಬ್ಬರಿದ್ದರು: ಚಲಚ್ಚಿತ್ರದವರು. ಕನ್ನಡ ಚಿತ್ರಗಳ ಗೌರವದ ಕಾಲವೆಂದು ನಾವು ಇಂದು ಕೊಂಡಾಡುವ ವರ್ಷಗಳನ್ನು ನೆನೆದುಕೊಳ್ಳಿ. 1967ರ ‘ಬೆಳ್ಳಿಮೋಡ’, 1968ರ ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಈ ಮೂರೂ ತ್ರಿವೇಣಿಯವರವು. ‘ಗೆಜ್ಜೆಪೂಜೆ’ ಇಂದಿರಾ ಅವರದು. 1974ರ ‘ಎರಡು ಕನಸು’, 1975ರ ‘ಶುಭಮಂಗಳ’ ವಾಣಿಯವರವು. ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತರು 1983ರಲ್ಲಿ ಚಿತ್ರವಾಗಿಸಿದರು. ವಿದ್ವಾಂಸರು ಓದಲೊಲ್ಲದ ಪುಸ್ತಕಗಳ ಮೇಲೆಯೇ ಒಂದು ಕಲೆಯ ಕೀರ್ತಿಸೌಧವು ಎದ್ದು ನಿಂತಿತು. ಆ ಸೌಧವನ್ನು ನೋಡಿ ಮೆಚ್ಚುವವರು ಪುಟ್ಟಣ್ಣನವರ ‘ಶರಪಂಜರ’ವೆನ್ನುತ್ತಾರೆ, ಕಲ್ಪನಾ ಅವರ ‘ಶರಪಂಜರ’ವೆನ್ನುತ್ತಾರೆ. ಅವರಿಬ್ಬರ ಪ್ರತಿಭೆಗೆ ನಾವೂ ಕೈಮುಗಿಯುತ್ತೇವೆ. ಆದರೆ ಅಡಿಪಾಯ ಹಾಕಿದಾಕೆಯ ಹೆಸರು ಮಾತಿನ ನಡುವೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ‘ನಾಗರಹಾವು’ ಚಿತ್ರವಾದಾಗ ತ. ರಾ. ಸುಬ್ಬರಾಯರು ತಮ್ಮ ಕೃತಿಗೆ ಅಪಚಾರವಾಯಿತೆಂದು ಬಹಿರಂಗವಾಗಿಯೇ ಸಿಡಿದರು; ನಾಡು ಕೇಳಿತು, ಇಂದಿಗೂ ಆ ಮಾತನ್ನು ನೆನೆಯುತ್ತದೆ. ತ್ರಿವೇಣಿಯವರ ಕಥೆಗಳು ತೆರೆಗೆ ಬರುವಾಗ ಮೆಚ್ಚಲಿಕ್ಕಾಗಲಿ ಜಗಳವಾಡಲಿಕ್ಕಾಗಲಿ ಅವರು ಬದುಕಿರಲಿಲ್ಲ. ಅವರ ಪರವಾಗಿ ಮಾತನಾಡಬೇಕಾದವರು ಓದುಗರು. ನಾವು ಸಿನಿಮಾದ ಹಾಡುಗಳನ್ನು ಗುನುಗುತ್ತ ಮನೆಗೆ ಹೋದೆವು.

ಈ ಉಪೇಕ್ಷೆ ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ನಂಜನಗೂಡಿನ ತಿರುಮಲಾಂಬಾ ಅವರ ಜೀವನವೇ ಸಾಕ್ಷಿ. 1887ರಲ್ಲಿ ಹುಟ್ಟಿ, ಬಾಲವಿಧವೆಯಾಗಿ, ತಂದೆಯ ಮನೆಯಲ್ಲಿಯೇ ಓದಿ, ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಸ್ವಂತ ಪರಿಶ್ರಮದಿಂದ ನಡೆಸಿದ ಸಾಹಸಿ ಆಕೆ. ಲೇಖಕಿಯೂ ತಾನೇ, ಸಂಪಾದಕಳೂ ತಾನೇ, ಪ್ರಕಾಶಕಳೂ ತಾನೇ! ಹೊಸ ಅಭಿರುಚಿಯ ಗಾಳಿ ಬೀಸಿದಾಗ ಆಕೆಯ ಬರಹ ಹಳತೆನಿಸಿತು. ಆಕೆ ಲೇಖನಿಯನ್ನು ಕೆಳಗಿಟ್ಟರು. ಬಹುಕಾಲ ಯಾರ ಕಣ್ಣಿಗೂ ಬೀಳದೆ ಮದರಾಸಿನಲ್ಲಿದ್ದು, 1982ರಲ್ಲಿ ತೀರಿಕೊಂಡರು. ಅಂಥವರೊಬ್ಬರು ಇನ್ನೂ ಬದುಕಿದ್ದಾರೆಂಬುದೇ ಎಷ್ಟೋ ಸಾಹಿತ್ಯಾಭಿಮಾನಿಗಳಿಗೆ ತಿಳಿದಿರಲಿಲ್ಲ.

ಸರಕಾರವನ್ನೂ ವಿಶ್ವವಿದ್ಯಾನಿಲಯಗಳನ್ನೂ ದೂರುವುದು ಸುಲಭ. ನಮ್ಮ ದೂರು ಓದುಬರಹವುಳ್ಳ ಕುಟುಂಬಗಳ ಮೇಲೆಯೇ. ವಾರಪತ್ರಿಕೆಯಿಂದ ಕಂತು ಕಂತಾಗಿ ಹಾಳೆಗಳನ್ನು ಬಿಡಿಸಿ, ದಾರದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿ ಅಜ್ಜಿಯರು ಕಾಪಾಡಿದ ಕಾದಂಬರಿಗಳನ್ನು, ಮನೆಗೆ ಸುಣ್ಣ ಬಳಿಸುವಾಗ ತೂಕಕ್ಕೆ ಹಾಕಿದವರು ನಾವು. ಗಾಜಿನ ಬೀರುವಿನಲ್ಲಿ ಯಾರೂ ತೆರೆಯದ ಇಂಗ್ಲಿಷ್ ವಿಶ್ವಕೋಶಕ್ಕೆ ಜಾಗವಿತ್ತು. ಜಿಲ್ಲೆಯ ಸಾಹಿತ್ಯಸಂಘಗಳೂ ತಮ್ಮ ಗ್ರಂಥಭಂಡಾರದ ಪಟ್ಟಿಯನ್ನು ಒಮ್ಮೆ ಬಿಡಿಸಿ ನೋಡಲಿ; ಈ ಲೇಖಕಿಯರ ಪುಸ್ತಕಗಳು ಎಷ್ಟು ಉಳಿದಿವೆ, ಎಷ್ಟಕ್ಕೆ ರಟ್ಟು ಕಳಚಿದೆ, ಎಷ್ಟನ್ನು ಕಳೆದ ಹತ್ತು ವರ್ಷಗಳಲ್ಲಿ ಹೊಸದಾಗಿ ಕೊಂಡಿದೆ ಎಂದು ಎಣಿಸಿ, ಆ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಲಿ. ಮುಂದಿನ ಸಭೆಯಲ್ಲಿ ‘ಅಡಿಗೆಮನೆಯ ಸಾಹಿತ್ಯ’ವೆಂದು ನಸುನಗುವ ಮಹನೀಯರನ್ನು, ‘ಸ್ವಾಮಿ, ಅದರಲ್ಲಿ ತಾವು ಓದಿದ ಒಂದು ಪುಸ್ತಕದ ಹೆಸರು ಹೇಳಿ’ ಎಂದು ಕೇಳುವ ದಾಕ್ಷಿಣ್ಯರಹಿತರು ಯಾರಾದರೂ ಸಭಿಕರಲ್ಲಿರಲಿ.