ಸೀಸದ ಗುಂಡು ತೊಗರಿಯನ್ನು ಕಾಯದು

ಆಳಂದ, ಅಫಜಲಪುರ, ಜೇವರ್ಗಿ ಬಯಲುಸೀಮೆಯ ತಾಲ್ಲೂಕುಗಳು. ನಮ್ಮ ಪತ್ರಿಕೆ ಬೆಟ್ಟದೂರುಗಳದು. ಆದರೂ ಅಲ್ಲಿಯ ರೈತರ ಸಂಕಟ ನಮಗೆ ಹೊಸದಲ್ಲ. ನಮ್ಮ ಗದ್ದೆ-ತೋಟಗಳಿಗೆ ಕಾಡುಹಂದಿ ನುಗ್ಗುವಂತೆ, ಕಲಬುರಗಿ ಸೀಮೆಯ ಎರೆಹೊಲಗಳಿಗೆ ಚಿಗರಿಯ ಹಿಂಡು ಇಳಿಯುತ್ತದೆ. ಪುಸ್ತಕದ ಭಾಷೆಯಲ್ಲಿ ಅದು ಕೃಷ್ಣಮೃಗ. ಸಾಲ ಮಾಡಿ ಬಿತ್ತಿದ ತೊಗರಿಯ ಎಳೆಸಸಿ ಬೆಳಗಾಗುವುದರೊಳಗೆ ಮೇದುಹೋದರೆ ರೈತನಿಗೆ ಬಂದೂಕಿನ ನೆನಪಾಗುವುದು ಸಹಜ. ಈ ನೋವನ್ನು ಅಲ್ಲಗಳೆದು ವನ್ಯಜೀವಿಗಳ ಪರ ಮಾತನಾಡುವುದು ನ್ಯಾಯವಲ್ಲ.

ಮನೆಯಲ್ಲಿಯೇ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತೋಟೆಗೆ ಮದ್ದನ್ನು ಮಿತವಾಗಿ ತುಂಬಿದರೆ ಕೈಗೆ ಒದೆತ ಕಡಿಮೆ, ಖರ್ಚೂ ಕಡಿಮೆ, ಹತ್ತಿರದ ಬೇಟೆಗೆ ಅಷ್ಟು ಸಾಕು ಎಂಬುದು ಬೇಟೆಯ ಒಲವುಳ್ಳವರ ವಾದ. ಅಮೆರಿಕದ ಹಲವೆಡೆ ರಿವಾಲ್ವರಿನ ಇಂಥ ಬೇಟೆ ಕಾನೂನುಸಮ್ಮತ ಹವ್ಯಾಸ. ನಮ್ಮಲ್ಲಿ ಹಾಗಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷಗಳ ಸೆರೆವಾಸ. ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿರುವ ಚಿಗರಿಯನ್ನು ಬೆಳೆಹಾನಿಯ ಕಾರಣಕ್ಕೆ ಕೊಲ್ಲಲು ಅನುಮತಿ ನೀಡುವ ಅವಕಾಶವೇ ಇಲ್ಲ. ಕೊಂದವರಿಗೆ 3ರಿಂದ 7 ವರ್ಷ ಸೆರೆ. ಕಾಡುಹಂದಿಯ ವಿಷಯದಲ್ಲಿಯೂ ಅಧಿಕಾರಿಯ ಲಿಖಿತ ಆದೇಶ ಬೇಕು.

ಕಾನೂನನ್ನು ಬದಿಗಿಟ್ಟರೂ ಸೀಸದ ಪ್ರಶ್ನೆ ಉಳಿಯುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಮನೆಯ ಒಲೆಯೇ ಸಾಕು. ಅಪಾಯವಿರುವುದು ಅಲ್ಲಿಯೇ. ಅದರ ಧೂಳು ಕೈಗೆ, ಬಟ್ಟೆಗೆ, ನೆಲಕ್ಕೆ ಅಂಟಿ, ನೆಲದ ಮೇಲೆ ಆಡುವ ಕೂಸಿನ ಬಾಯಿ ಸೇರುತ್ತದೆ; ಬೆಳೆಯುವ ಮಿದುಳನ್ನು ಕುಂದಿಸುತ್ತದೆ. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದ್ದರೆ ನಿರಪಾಯ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ವಿಷದ ಭಯದಿಂದಲೇ ದೇಶ 2000ರಲ್ಲಿ ಸೀಸಬೆರೆತ ಪೆಟ್ರೋಲನ್ನು ಕೈಬಿಟ್ಟಿತು. ಅದನ್ನು ಮತ್ತೆ ಒಲೆಯ ಮೇಲಿಡುವುದು ಯಾವ ಜಾಣತನ?

ಮರ್ಮಕ್ಕೆ ತಾಗದ ಗುಂಡು ಹೊತ್ತು ಓಡಿದ ಪ್ರಾಣಿ ನರಳಿ ಎಲ್ಲಿಯೋ ಸಾಯುತ್ತದೆ. ಅದನ್ನು ತಿನ್ನುವ ತೋಳ, ನರಿ, ಹದ್ದುಗಳ ಹೊಟ್ಟೆಗೂ ಸೀಸ ಸೇರುತ್ತದೆ. ಕಾಂಡೋರ್ ಎಂಬ ದೈತ್ಯ ರಣಹದ್ದು ಹೀಗೆಯೇ ಸಾಯುತ್ತಿದ್ದುದನ್ನು ಕಂಡ ಕ್ಯಾಲಿಫೋರ್ನಿಯಾ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ಬೇಟೆಯನ್ನು ಒಪ್ಪುವ ನಾಡೇ ಈ ಗುಂಡನ್ನು ಒಪ್ಪಲಿಲ್ಲ.

ಹಾಗಾದರೆ ರೈತನ ಗತಿಯೇನು? ಹುಲ್ಲುಬಯಲು, ಗಾಯರಾಣಗಳು ನೇಗಿಲಿಗೆ ಸಿಕ್ಕ ಮೇಲೆ ಚಿಗರಿಗೆ ಉಳಿದದ್ದು ಹೊಲವೇ. ಉಳಿದಿರುವ ಗಾಯರಾಣವನ್ನು ಹುಲ್ಲಿಗಾಗಿಯೇ ಕಾಯ್ದಿಡಬೇಕು. ಬೇಲಿಗೆ ಸಹಾಯಧನ ಸಣ್ಣ ಹಿಡುವಳಿಗೂ ದೊರೆಯಬೇಕು. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮುನ್ನ ಕೈಸೇರಬೇಕು. ತಡವಾದ ಪರಿಹಾರ ಬೇಟೆಗೆ ಕೊಟ್ಟ ಕುಮ್ಮಕ್ಕಾಗುತ್ತದೆ. ವಿದ್ಯಾರ್ಥಿಗಳು ತಮ್ಮೂರಿನಲ್ಲಿ ಯಾವ ತಿಂಗಳು, ಯಾವ ಹೊಲಕ್ಕೆ, ಯಾವ ಪ್ರಾಣಿ ಇಳಿಯಿತೆಂದು ದಾಖಲಿಸಿ ಗ್ರಾಮಸಭೆಯ ಮುಂದಿಡಲಿ. ಬೆಟ್ಟದವರೂ ಬಯಲಿನವರೂ ಈ ಲೆಕ್ಕ ಹಿಡಿದು ಒಟ್ಟಾಗಿ ಕೇಳಿದರೆ ಸರಕಾರ ಉತ್ತರಿಸಲೇಬೇಕಾಗುತ್ತದೆ.