ಮನೆವಾರ್ತೆ: ಬಂದು ಹೋಗುವವರ ಕೋಣೆಗೆ ಎಂಥ ಹೀಟರ್?



ಊಟಿ, ಕೂನೂರು, ಕೋತಗಿರಿ ಕಡೆಯ ನಮ್ಮ ಸಮಾಜದ ಮನೆಗಳಲ್ಲಿ ಒಂದಾದರೂ ಕೋಣೆ ವರ್ಷದ ಬಹುಪಾಲು ಮುಚ್ಚಿಯೇ ಇರುತ್ತದೆ. ಪರಊರಿನಲ್ಲಿ ಓದುವ ಮಗ ರಜೆಗೆ ಬಂದಾಗ, ಮಗಳು-ಅಳಿಯ ಹಬ್ಬಕ್ಕೆ ಬಂದಾಗ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನೆಂಟರು ಬಿಸಿಲು ತಾಳಲಾರದೆ ಮೇ ತಿಂಗಳಲ್ಲಿ ನಾಲ್ಕು ದಿನಕ್ಕೆಂದು ಬೆಟ್ಟ ಹತ್ತಿದಾಗ ಮಾತ್ರ ಅದರ ಬಾಗಿಲು ತೆರೆಯುತ್ತದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಜನವರಿಯ ಕೆಲವು ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿರುತ್ತದೆ. 40 ಡಿಗ್ರಿ ಬಿಸಿಲಿನಿಂದ ಬಂದವರಿಗೆ ಅಲ್ಲಿಯ ಮೇ ತಿಂಗಳ ರಾತ್ರಿಯೂ ಚಳಿಯೇ. ಆಗ ಮನೆಯವರು ಪೇಟೆಗೆ ಓಡಿ, ಅಂಗಡಿಯವನು ಮುಂದಿಟ್ಟ ಹೀಟರನ್ನು ತಂದು ಹಚ್ಚುತ್ತಾರೆ. ನೆಂಟರು ಹೋದ ಮೇಲೆ ಅದು ಅಟ್ಟ ಸೇರುತ್ತದೆ. ಇಂಥ ಕೋಣೆಗೆ ಹೀಟರ್ ಆರಿಸುವಾಗ ಏನನ್ನು ನೋಡಬೇಕು ಎಂಬುದೇ ಈ ತಿಂಗಳ ವಿಚಾರ.

ಮೊದಲು ತಿಳಿಯಬೇಕಾದ ಮಾತು ಒಂದಿದೆ. ತಂತಿ ಅಥವಾ ಸರಳು ಕಾಯಿಸುವ ಹೀಟರ್ ಯಾವುದೇ ಆಗಲಿ, ಸಾವಿರ ರೂಪಾಯಿಯದಿರಲಿ, ಹತ್ತು ಸಾವಿರದ್ದಿರಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ಶಾಖ ಒಂದೇ. 1000 ವಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವಾಟ್ ಆದರೆ ಅರ್ಧ ಗಂಟೆಗೇ ಒಂದು ಯೂನಿಟ್. "ಇದು ಕರೆಂಟ್ ಉಳಿಸುವ ಹೀಟರ್" ಎಂದು ಯಾರಾದರೂ ಹೇಳಿದರೆ ಮರುಳಾಗಬಾರದು. ತೂಕ ಒಂದೇ, ಬೇರೆಯಾಗುವುದು ಹಂಚುವ ರೀತಿ ಮಾತ್ರ. ಬಿಸಿ ಗಾಳಿಯನ್ನೂ ಕೊಡುವ ಎ.ಸಿ. ಯಂತ್ರ ಇದಕ್ಕೆ ಹೊರತು. ಅದು ಹೊರಗಿನ ಶಾಖವನ್ನು ಒಳಗೆ ಎಳೆದು ತರುವುದರಿಂದ ಒಂದು ಯೂನಿಟ್ಟಿಗೆ ಎರಡು-ಮೂರು ಪಟ್ಟು ಕಾವು ಕೊಡಬಲ್ಲದು. ಆದರೆ ವರ್ಷಕ್ಕೆ ಇಪ್ಪತ್ತು ದಿನ ತೆರೆಯುವ ಕೋಣೆಗೆ ಅಷ್ಟು ಬಂಡವಾಳ ಹಾಕಿದರೆ ಅಸಲೇ ಹುಟ್ಟದು.

ಎರಡನೆಯ ಮಾತು, ಶಾಖ ಎಲ್ಲಿಗೆ ಹೋಗುತ್ತದೆ ಎಂಬುದು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ಗಾಳಿಯನ್ನಷ್ಟೇ 10 ಡಿಗ್ರಿ ಬೆಚ್ಚಗೆ ಮಾಡಲು ಒಂದು ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲು ಸಾಕು. ಹಾಗಾದರೆ ಗಂಟೆಗಟ್ಟಲೆ ಉರಿಸಿದರೂ ಕೋಣೆ ಏಕೆ ಬೆಚ್ಚಗಾಗದು? ತಿಂಗಳುಗಟ್ಟಲೆ ಮುಚ್ಚಿದ್ದ ಕೋಣೆಯ ಕಲ್ಲುಗೋಡೆ, ನೆಲ, ಹಾಸಿಗೆ ಎಲ್ಲವೂ ತಣ್ಣಗಾಗಿರುತ್ತವೆ. ಅವು ಗಾಳಿಯ ಕಾವನ್ನು ಹೀರುತ್ತಲೇ ಇರುತ್ತವೆ. ಉಳಿದದ್ದು ಬಾಗಿಲ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಇಂಗ್ಲಿಷರ ಕಾಲದ ಬಂಗಲೆಗಳಲ್ಲಿ ಬೆಂಕಿಗೂಡಿನ ಹೊಗೆಕೊಳವೆ ತೆರೆದೇ ಇರುತ್ತದೆ. ಬಿಸಿ ಗಾಳಿ ನೇರ ಅದರಲ್ಲಿ ಏರಿ ಹೋಗುತ್ತದೆ. ಬೆಂಕಿ ಹಾಕುವ ರೂಢಿ ನಿಂತಿದ್ದರೆ ಗೂಡಿನ ಬಾಯಿಗೆ ಹಲಗೆ ಮುಚ್ಚಬೇಕು. ಮುಚ್ಚುವ ಮೊದಲು ಒಳಗೆ ಹಕ್ಕಿ ಗೂಡು ಕಟ್ಟಿದೆಯೇ ಎಂದು ನೋಡುವುದನ್ನು ಮರೆಯಬಾರದು. ಬಾಗಿಲ ಕೆಳಗೆ ಹಳೆಯ ಸೀರೆಯ ಸುರುಳಿ, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನೆ. ಇಷ್ಟು ಮಾಡಿದ ಮೇಲೆಯೇ ಹೀಟರಿನ ಮಾತು.

ಇನ್ನು ಆಯ್ಕೆ. ಕೋಣೆ ಎಷ್ಟು ದೊಡ್ಡದು ಎಂದು ಕೇಳುವ ಮೊದಲು, ಅಲ್ಲಿ ಮನುಷ್ಯ ಎಷ್ಟು ಹೊತ್ತು ಇರುತ್ತಾನೆ ಎಂದು ಕೇಳಿಕೊಳ್ಳಬೇಕು.

ಒಂದು ಗಂಟೆ ಮಾತ್ರ ಕೂರುವ ಜಾಗ: ಸಂಜೆ ಲೆಕ್ಕ ಬರೆಯುವ ಅಂಗಡಿಯ ಹಿಂಕೋಣೆ, ಹಿರಿಯರು ಸ್ವಾಧ್ಯಾಯಕ್ಕೆ ಕೂರುವ ಮೂಲೆ. ಇಲ್ಲಿ ಕೋಣೆಯನ್ನು ಕಾಯಿಸುವುದು ವ್ಯರ್ಥ, ಮನುಷ್ಯನನ್ನು ಕಾಯಿಸಿದರೆ ಸಾಕು. ಕೆಂಪಗೆ ಕಾಯುವ ಕ್ವಾರ್ಟ್ಸ್ ಸರಳಿನ ಹೀಟರ್ ಬಿಸಿಲಿನಂತೆ ನೇರ ಮೈಗೆ ತಾಗುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲೇ ಕಾವು ಸಿಗುತ್ತದೆ. 400 ವಾಟಿನ ಎರಡು ಸರಳು ಇರುವುದನ್ನು ತಂದರೆ ಒಬ್ಬರಿಗೆ ಒಂದೇ ಸರಳು ಸಾಕಾಗುತ್ತದೆ.

ಮಲಗುವ ಮುಂಚೆ, ಸ್ನಾನವಾದ ಮೇಲೆ ಹತ್ತಿಪ್ಪತ್ತು ನಿಮಿಷ ಬೇಕಾದ ಕಾವು: ಇದಕ್ಕೆ ಫ್ಯಾನಿನ ಹೀಟರ್. ಗಾಳಿಯನ್ನು ಬೇಗ ಬಿಸಿ ಮಾಡುತ್ತದೆ, ಆರಿಸಿದರೆ ಬೇಗ ತಣಿಯುತ್ತದೆ. ಸದ್ದು ಹೆಚ್ಚು, ರಾತ್ರಿಯಿಡೀ ಇಡಲು ತಕ್ಕದ್ದಲ್ಲ. ಬಚ್ಚಲಿನ ಒಳಗಂತೂ ಇಡಲೇಬಾರದು.

ವೃದ್ಧರು, ಬಾಣಂತಿ, ಕೂಸು ಇಡೀ ರಾತ್ರಿ ಇರುವ ಕೋಣೆ: ಇಲ್ಲಿ ಎಣ್ಣೆ ತುಂಬಿದ ರೇಡಿಯೇಟರ್ ಮೇಲು. ಒಳಗಿನ ಎಣ್ಣೆ ಉರಿಯುವುದಿಲ್ಲ, ಖರ್ಚಾಗುವುದೂ ಇಲ್ಲ. ಕಾವನ್ನು ಹಿಡಿದಿಡಲು ಮಾತ್ರ ಅದು ಇರುವುದು. ಬಿಸಿಯಾಗಲು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಅಡಿಗೊಮ್ಮೆ ಬಂದು ಹೋಗುವವರಿಗೆ ಇದು ಸಲ್ಲದು; ಕಾಯುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. 2000 ವಾಟಿನದು ಎಂಟು ಗಂಟೆ ಬಿಡದೆ ಉರಿದರೆ 16 ಯೂನಿಟ್. ಆದ್ದರಿಂದ ಬೇಕಾದಷ್ಟು ಕಾವಿಗೆ ತಾನೇ ನಿಲ್ಲುವ ಥರ್ಮೋಸ್ಟಾಟ್ ಮತ್ತು ಹೊತ್ತಿಗೆ ಸರಿಯಾಗಿ ಆರಿಸುವ ಟೈಮರ್ ಇರುವುದನ್ನೇ ಕೊಳ್ಳಬೇಕು. ನಿಜವಾದ ಉಳಿತಾಯ ಇರುವುದು ಈ ಎರಡರಲ್ಲಿ.

ಗಟ್ಟಿಮುಟ್ಟಾದವರು ಮಲಗಿ ನಿದ್ರಿಸುವುದಾದರೆ ಇದಾವುದೂ ಬೇಕಿಲ್ಲ. ಎರಡು ಲೀಟರ್ ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿ ಕಾಲಬುಡದಲ್ಲಿ ಇಡಿರಿ. ಅದಕ್ಕೂ ಬೇಕಾಗುವುದು ಯೂನಿಟ್ಟಿನ ಸುಮಾರು ಹತ್ತರಲ್ಲಿ ಒಂದು ಪಾಲೇ. ಗಾಳಿಗೆ ಕೊಟ್ಟ ಕಾವು ಸಂದಿಯಲ್ಲಿ ಸೋರಿ ಹೋದರೆ, ಈ ಕಾವು ಕಂಬಳಿಯೊಳಗೆ ಕೆಲವು ಗಂಟೆ ಉಳಿಯುತ್ತದೆ.

ವಯನಾಡಿನ ಬಾಂಧವರಿಗೆ ಬೇರೆ ಮಾತು. ಕಲ್ಪೆಟ್ಟ, ಮಾನಂದವಾಡಿ ಕಡೆ ಊಟಿಯ ಚಳಿ ಇಲ್ಲ. ಅಲ್ಲಿ ಮುಚ್ಚಿದ ಕೋಣೆಯನ್ನು ಕೆಡಿಸುವುದು ಮಳೆಗಾಲದ ತೇವ. ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ದರ್ಶನಕ್ಕೆಂದು ಬರುವ ನೆಂಟರಿಗೆ ಬೂಷ್ಟು ವಾಸನೆಯ ಕೋಣೆ ಕೊಟ್ಟು, ಹೀಟರ್ ಹಚ್ಚಿದರೆ ಫಲವಿಲ್ಲ. ಎರಡು ದಿನ ಮೊದಲೇ ಹೊಳವಾದಾಗ ಕಿಟಕಿ ತೆರೆದು ಗಾಳಿ ಆಡಿಸುವುದೇ ಮದ್ದು.

ಈಗ ಎಚ್ಚರಿಕೆಯ ಮಾತು. 2000 ವಾಟ್ ಹೀಟರ್ ಎಳೆಯುವ ಕರೆಂಟ್ ಸುಮಾರು 9 ಆಂಪಿಯರ್. ರೇಡಿಯೋ, ದೀಪಕ್ಕೆಂದು ಹಾಕಿದ 6 ಆಂಪಿಯರ್ ಸಾಕೆಟ್ ಇದನ್ನು ತಾಳದು. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ವೈರ್ ಕೂಡದು. ಐ.ಎಸ್.ಐ. ಗುರುತು ಮತ್ತು ಉರುಳಿದರೆ ತಾನೇ ಆರುವ ಸ್ವಿಚ್ ಇದೆಯೇ ನೋಡಿ ಕೊಳ್ಳಿರಿ. ಹಾಸಿಗೆ, ಪರದೆಯಿಂದ ಮೂರು ಅಡಿ ದೂರವಿಡಿ, ಮೇಲೆ ಬಟ್ಟೆ ಒಣಹಾಕಬೇಡಿರಿ. ಬೆಟ್ಟದ ಊರುಗಳಲ್ಲಿ ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಇಳಿದರೆ ಹೀಟರಿನ ಕಾವು ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ಹೀಟರ್ ಕೆಟ್ಟಿದೆಯೆಂದು ಆಗ ಇನ್ನೊಂದನ್ನು ತರಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಇದ್ದಿಲಿನದು. ಹೀಟರ್ ಸಾಲದೆಂದು ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಕದ ಹಾಕಿಕೊಂಡು ಮಲಗಿದವರು ಬೆಳಗ್ಗೆ ಏಳದೇ ಹೋದ ಸುದ್ದಿ ಗಿರಿಧಾಮಗಳಿಂದ ಆಗಾಗ ಬರುತ್ತದೆ. ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲೇ ಪ್ರಾಣ ಹೋಗುತ್ತದೆ. ಕರೆಂಟ್ ಹೋದ ರಾತ್ರಿಯೂ ಇನ್ನೊಂದು ಕಂಬಳಿ ಕೊಡಿರಿ, ಕೆಂಡ ಕೊಡಬೇಡಿರಿ. ನೆಂಟರು ಬಂದ ದಿನವೇ ಇದನ್ನು ಹೇಳುವುದು ಮನೆಯ ಯಜಮಾನನ ಹೊಣೆ.

ಕಡೆಯದಾಗಿ, ಶ್ರಾವಕರಾದ ನಮಗೆ ಇನ್ನೊಂದು ಲೆಕ್ಕವೂ ಇದೆ. ಆರು ತಿಂಗಳು ಅಟ್ಟದಲ್ಲಿದ್ದ ಹೀಟರಿನೊಳಗೆ ಜೇಡ, ಜಿರಲೆ, ಹಲ್ಲಿಮರಿ ಮನೆ ಮಾಡಿರುತ್ತವೆ. ಹಾಗೆಯೇ ಸ್ವಿಚ್ ಹಾಕಿದರೆ ಅವು ಸುಟ್ಟುಹೋಗುತ್ತವೆ. ಹಗಲು ಬೆಳಕಿನಲ್ಲಿ ಹೊರಗೆ ತಂದು, ಮೆತ್ತನೆಯ ಕುಂಚದಿಂದ ಪ್ರಮಾರ್ಜನ ಮಾಡಿ, ಒಳಗೆ ನೋಡಿ, ಆಮೇಲೆ ಹಚ್ಚಬೇಕು. ತೆಗೆದಿಡುವಾಗ ಬಟ್ಟೆಯ ಗವಸು ಕಟ್ಟಬೇಕು. ಕೆಂಪಗೆ ಹೊಳೆಯುವ ಸರಳಿಗೆ ರಾತ್ರಿ ಪತಂಗಗಳು ಬಂದು ಬೀಳುತ್ತವೆ. ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಬೇಕು. ಬೆಳಕಿಲ್ಲದ ಎಣ್ಣೆಯ ರೇಡಿಯೇಟರಿನಲ್ಲಿ ಈ ದೋಷ ಇಲ್ಲ. ಹಾಗೆಯೇ, ವಿಹಾರದಲ್ಲಿ ಮುನಿಗಳು ತಂಗುವ ಕೋಣೆಗೆ ಭಕ್ತಿಯಿಂದಲಾದರೂ ಹೀಟರ್ ಇಡಬಾರದು. ಅವರು ಗೆಲ್ಲಬೇಕಾದ 22 ಪರೀಷಹಗಳಲ್ಲಿ ಶೀತವೂ ಒಂದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅನರ್ಥದಂಡದ 5 ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ಭೂಮಿ, ನೀರು, ಅಗ್ನಿ, ಗಾಳಿಗಳ ಆರಂಭ ಮಾಡುವುದು ಅದರಲ್ಲಿ ಸೇರುತ್ತದೆ. ಚಳಿಯಲ್ಲಿ ನಡುಗುವ ಮುದುಕಿಗೆ ಹಚ್ಚಿದ ಹೀಟರಿಗೆ ಪ್ರಯೋಜನವಿದೆ. ಅವರು ಬಸದಿಗೆ ಹೋದ ಮೇಲೂ ಖಾಲಿ ಮಂಚಕ್ಕೆ ಕಾವು ಕೊಡುತ್ತಿರುವ ಹೀಟರ್ ಪ್ರಮಾದವಲ್ಲದೆ ಮತ್ತೇನು? ನೆಂಟರಿಗೆ ಕೋಣೆಯ ಬೀಗದಕೈ ಕೊಡುವಾಗ ಹೀಟರಿನ ಸ್ವಿಚ್ಚನ್ನೂ ತೋರಿಸಿ, "ಹೊರಗೆ ಹೋಗುವಾಗ ಆರಿಸಿರಿ" ಎಂದು ಹೇಳಿರಿ. ಸಂಕೋಚ ಬೇಡ. ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದರೂ ನಡೆದೀತು.