ಕಪ್ ಕೊಡುವ ಧಣಿಗಳಿಗೆ



ಕಳೆದ ಭಾನುವಾರದ ಕಬಡ್ಡಿಯಲ್ಲಿ ನಮ್ಮ ಹೊಟೇಲು ಹುಡುಗರು ಬ್ಯಾಂಕಿನವರ ತಂಡಕ್ಕೆ ಸೋತರು. ಬಹುಮಾನ ಹಂಚಲು ಬಂದ ಮಾಲಕರೊಬ್ಬರು (ಹೆಸರು ಬೇಡ, ಕಪ್ ಅವರದೇ) 'ನಮ್ಮ ಹುಡುಗರಲ್ಲಿ ಛಲವಿಲ್ಲ, ಶಿಸ್ತಿಲ್ಲ' ಎಂದು ಭಾಷಣ ಬಿಗಿದರು. ಹುಡುಗರು ತಲೆ ತಗ್ಗಿಸಿ ಕೇಳಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು! ಸೋಲಿಗಿಂತ ಆ ಚಪ್ಪಾಳೆಯೇ ನಮ್ಮನ್ನು ಹೆಚ್ಚು ಸುಟ್ಟಿತು.

ಧಣಿಗಳೇ, ಆ ತಂಡದ ನಾಲ್ವರು ಹಿಂದಿನ ರಾತ್ರಿ ಒಂದು ಗಂಟೆಗೆ ಮೇಜು ಒರಸಿ ಮಲಗಿ, ನಾಲ್ಕೂವರೆಗೆ ಒಲೆ ಹಚ್ಚಲು ಎದ್ದವರು. ನಿದ್ದೆಗೆಟ್ಟವನಿಗೆ ಎದುರಾಳಿಯ ಕಾಲು ಕಂಡರೂ ಕೈ ಮುಂದಾಗಲು ತಡ. ಕಬಡ್ಡಿಯಲ್ಲಿ ಅಷ್ಟು ಸಾಕು, ಅಂಕ ಹೋಯಿತು. ಅಮೇರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಮಂದಿ ಬಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ದಿನಕ್ಕೆ 10 ತಾಸು ಮಲಗಲು ಹೇಳಿ ಪರೀಕ್ಷಿಸಿದರು. ಓಟ ಚುರುಕಾಯಿತು, ಬುಟ್ಟಿಗೆ ಚೆಂಡೆಸೆಯುವ ಗುರಿ ಶೇಕಡಾ 9ರಷ್ಟು ಸುಧಾರಿಸಿತು. ಇದು 2011ರಲ್ಲಿ ಪ್ರಕಟವಾದ ವಿಷಯ. ಗಿರಣಿಯಲ್ಲಿ ರಾತ್ರಿಪಾಳಿ ಮಾಡಿದ ಹಿರಿಯರಿಗೆ ಇದನ್ನು ಅಮೇರಿಕದವರು ಹೇಳಬೇಕಿರಲಿಲ್ಲ.

ನೀರಿನ ಮಾತು ಕೇಳಿ. 60 ಕಿಲೋ ತೂಗುವವನ ಮೈಯಿಂದ 1.2 ಕಿಲೋದಷ್ಟು ಬೆವರು ಹೋದರೆ ದಮ್ಮು ಇಳಿಯತೊಡಗುತ್ತದೆ. ದೋಸೆ ಕಲ್ಲಿನ ಮುಂದೆ ನಿಂತವನು ಮೈದಾನಕ್ಕೆ ಬರುವ ಮೊದಲೇ ಬೆವರಿ ಬಂದಿರುತ್ತಾನೆ. ಊರಿಗೆಲ್ಲ ಬಡಿಸಿದವನ ಊಟವೋ, ಮಧ್ಯಾಹ್ನ ಮೂರೂವರೆಗೆ, ತಳ ಹಿಡಿದ ಅನ್ನ. ಬೀಡಿ, ತಂಬಾಕಿನ ತಪ್ಪು ನಮ್ಮವರದೂ ಇದೆ. ಅದನ್ನು ನಾವು ನಮ್ಮ ಸಭೆಯಲ್ಲಿ ಜಗಳವಾಡಿಯೇ ಹೇಳುತ್ತೇವೆ.

ಛಲದ ಮಾತಿಗೆ ಬಂದರೆ, ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರಿಗಿಂತ ಛಲಗಾರ ಬೇಕೇ? 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಪೈಲ್ವಾನರು ಅವರು. ದೀರ್ಘ ಕುಸ್ತಿ ಮುಗಿಸಿ ಬಂದವರನ್ನು ಕೂಡಲೇ ಮತ್ತೊಬ್ಬ ಎದುರಾಳಿಯ ಮುಂದೆ ನಿಲ್ಲಿಸಿದರು. ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಅದನ್ನು ಕೇಳಲು ಅಲ್ಲಿ ನಮ್ಮ ದೇಶದ ಅಧಿಕಾರಿ ಒಬ್ಬನೂ ಇರಲಿಲ್ಲ. ಜಾಧವರು ಸೋತರು, ಜಪಾನಿನ ಇಶಿ ಚಿನ್ನ ಗೆದ್ದ. ಜಾಧವರಿಗೆ ಶಿಸ್ತು ಸಾಲದೆಂದು ಯಾವ ಧಣಿ ಹೇಳಿಯಾನು?

ನಮ್ಮ ಅರ್ಧ ಗಂಟೆಯೂ ಹೀಗೆಯೇ ಹೋಗುತ್ತಿದೆ. ಸತತ ದುಡಿಮೆಯ ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕೆಂದು 2017ರ ಮಹಾರಾಷ್ಟ್ರದ ಅಂಗಡಿ ಕಾಯಿದೆಯೂ ಬರೆದಿದೆ. ಗಲ್ಲಾದ ಬಳಿ ಹೋಗಿ ಅದನ್ನು ಒಬ್ಬನೇ ಕೇಳಿದರೆ 'ನಾಳೆಯಿಂದ ಬರಬೇಡ' ಎನ್ನುತ್ತಾರೆ. ಆದ್ದರಿಂದ ಈ ಸಲ ನಾವೆಲ್ಲ ಒಟ್ಟಿಗೆ ಹೋಗುತ್ತಿದ್ದೇವೆ. ತಂಡದ ಹನ್ನೆರಡು ಹುಡುಗರು ಎಲ್ಲೆಲ್ಲಿ ಕೆಲಸ ಮಾಡುತ್ತಾರೆಂದು ಪಟ್ಟಿ ಮಾಡಿದ್ದೇವೆ. ಮುಂದಿನ ಪಂದ್ಯಕ್ಕೆ ಧಣಿಗಳು ಕಪ್ ತರುವುದೇ ಬೇಡ. ಶನಿವಾರ ರಾತ್ರಿ ಒಂಬತ್ತಕ್ಕೆ ಆ ಹನ್ನೆರಡು ಮಂದಿಯನ್ನು ಕೆಲಸದಿಂದ ಬಿಡಲಿ, ಭಾನುವಾರ ಬೆಳಗಿನ ಒಲೆಗೆ ಬೇರೆಯವರನ್ನು ಹಚ್ಚಲಿ. ಆಮೇಲೆ ಮೈದಾನಕ್ಕೆ ಬಂದು ಕುರ್ಚಿಯಲ್ಲಿ ಕೂತು ನೋಡಲಿ.